ಕಾಲಡಿಯ ನೆಲವೂ ಪಠ್ಯವೇ

(ಸಂಸ್ಥೆಯ ಸದಸ್ಯರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)

 

ವಿಜ್ಞಾನ ಶಿಕ್ಷಣದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆದಿದ್ದೀರಿ. ಡಾಕ್ಟರ್ ಆಗಿರಿ, ಇಂಜಿನಿಯರ್ ಆಗಿರಿ ಎಂದು ಹೇಳುವವರು ನಿಮಗೆ ಬೇಕಾದಷ್ಟು ಜನ ಸಿಗುತ್ತಾರೆ. ನಾನು ಹೇಳಬೇಕೆಂದಿರುವುದು ಭೂವಿಜ್ಞಾನಿಗಳ ವಿಷಯ. ಕಲ್ಲು, ಮಣ್ಣು, ನೀರು ಇವನ್ನು ಅಭ್ಯಾಸ ಮಾಡಿ, ಕಲಿತದ್ದನ್ನು ಇಲಾಖೆಯ ಕಡತದಲ್ಲಿ ಕಟ್ಟಿಡದೆ ಪುಸ್ತಕಕ್ಕೆ, ಶಾಲೆಗೆ, ಮಕ್ಕಳಿಗೆ ಮುಟ್ಟಿಸಲು ಹೆಣಗಿದವರ ವಿಷಯ. ಅವರಿಗೆ ನಾನು ವೈಯಕ್ತಿಕವಾಗಿ ಋಣಿ. ಯಾಕೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ಅದು ನನಗೆ ಹೆಮ್ಮೆ ತರುವ ಸಂಗತಿಯಲ್ಲ.

1980ರ ದಶಕದಲ್ಲಿ ನಾನು ಮುಂಡರಗಿ ತಾಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಮಾಸ್ತರನಾಗಿದ್ದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ಬಂದವನು. ಸ್ವಚ್ಛತೆಯ ಬಗ್ಗೆ ಬಹಳ ಕಟ್ಟುನಿಟ್ಟು. ಎಂಟನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅವನ ಹಲ್ಲಿನ ಮೇಲೆ ಹಳದಿ, ಕಂದು ಗೆರೆಗಳು. ಒಂದು ದಿನ ಎಲ್ಲರ ಮುಂದೆ ಅವನನ್ನು ನಿಲ್ಲಿಸಿ, "ಹಲ್ಲು ತಿಕ್ಕಲಾರದ ಸಾಲಿಗೆ ಬರತೀಯಲ್ಲೋ, ನಾಚಿಕೆ ಬರೂದಿಲ್ಲೇನು?" ಎಂದು ಬೈದೆ. ಹುಡುಗರೆಲ್ಲ ನಕ್ಕರು. ಅವನು ತಲೆ ತಗ್ಗಿಸಿ, "ದಿನಾ ಬೇವಿನ ಕಡ್ಡೀಲೆ ತಿಕ್ಕತೇನ್ರಿ ಸರ" ಎಂದ. ಸುಳ್ಳು ಬೇರೆ ಹೇಳುತ್ತೀಯಾ ಎಂದು ಕೂಡ್ರಿಸಿದೆ. ಅಂದಿನಿಂದ ಆ ಹುಡುಗ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡತೊಡಗಿದ. ಮರುವಾರ ಅವನ ತಾಯಿ ಶಾಲೆಗೆ ಬಂದು ಜಗಳ ಮಾಡಲಿಲ್ಲ. "ಮಾಸ್ತರ, ನಮ್ಮ ಓಣಿಯಾಗ ಹುಡುಗೂರ ಹಲ್ಲು ಎಲ್ಲಾರ್ದೂ ಹಂಗ ಅದಾವ್ರಿ, ಒಮ್ಮೆ ಬಂದು ನೋಡ್ರಿ" ಎಂದಷ್ಟೇ ಹೇಳಿ ಹೋದರು. ನಾನು ಹೋಗಲಿಲ್ಲ.

ಕೆಲವು ತಿಂಗಳ ನಂತರ ಊರ ಬೋರಿನ ನೀರು ಪರೀಕ್ಷಿಸಲು ಒಬ್ಬ ಭೂವಿಜ್ಞಾನಿ ಬಂದರು. ಬಾಟ್ಲಿಗಳಲ್ಲಿ ನೀರು ತುಂಬಿಕೊಳ್ಳುತ್ತಾ ನನ್ನನ್ನು ಕೇಳಿದರು: "ನೀವು ಸೈನ್ಸ್ ಮಾಸ್ತರಲ್ಲವೇ? ಈ ಊರಿನ ಕೆಳಗೆ ಯಾವ ಕಲ್ಲಿದೆ?" ನನಗೆ ಗೊತ್ತಿರಲಿಲ್ಲ. ಓಮ್‌ನ ನಿಯಮ ಗೊತ್ತಿತ್ತು, ಆವರ್ತ ಕೋಷ್ಟಕ ಬಾಯಿಪಾಠವಿತ್ತು, ನಿಂತ ನೆಲ ಯಾವುದೆಂದು ಗೊತ್ತಿರಲಿಲ್ಲ. ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ, ಮಕ್ಕಳ ಹಲ್ಲು ಕಲೆಯಾಗುವುದು ಅದರಿಂದ, ತಿಕ್ಕಿದರೆ ಹೋಗುವಂಥದ್ದಲ್ಲ ಎಂದು ಅವರೇ ತಿಳಿಸಿದರು. ಆ ಹುಡುಗನ ಕ್ಷಮೆ ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವನು ಶಾಲೆ ಬಿಟ್ಟು ಗೌಂಡಿ ಕೆಲಸಕ್ಕೆ ಹೋಗಿಯಾಗಿತ್ತು.

ನಾನು ಭೂವಿಜ್ಞಾನದ ಪುಸ್ತಕ ಹಿಡಿದದ್ದು ಆಮೇಲೆ. ಹಿಡಿದಾಗ ಮೊದಲು ಪರಿಚಯವಾದ ಹೆಸರು ಡಾ. ಬಿ.ಪಿ. ರಾಧಾಕೃಷ್ಣ ಅವರದು.

ರಾಧಾಕೃಷ್ಣರು 1918ರಲ್ಲಿ ಹುಟ್ಟಿದವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1937ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಸೇರಿದರು. ಅವರು ಡಾಕ್ಟರೇಟ್‌ಗಾಗಿ ಆರಿಸಿಕೊಂಡ ವಿಷಯ ಕ್ಲೋಸ್‌ಪೇಟೆ ಗ್ರಾನೈಟ್. ಕ್ಲೋಸ್‌ಪೇಟೆ ಎಂದರೆ ಇಂದಿನ ರಾಮನಗರ. 'ಶೋಲೆ' ಚಿತ್ರದಲ್ಲಿ ಗಬ್ಬರ್ ಸಿಂಗ್ ಕೂತಿದ್ದ ಬಂಡೆಗಳು ಅವೇ. ಅಲ್ಲಿಂದ ಉತ್ತರಕ್ಕೆ ನೂರಾರು ಕಿಲೋಮೀಟರು ಉದ್ದಕ್ಕೆ, ನಮ್ಮ ಪೂರ್ವದ ಕೊಪ್ಪಳ ರಾಯಚೂರು ಸೀಮೆಯವರೆಗೆ, ಒಂದು ಪಟ್ಟಿಯಾಗಿ ಹಬ್ಬಿದ ಈ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ. ಅದನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಕಲ್ಲು ಒಡೆದು ನೋಡಿ ಅವರು ಪ್ರಬಂಧ ಬರೆದರು.

1965ರಿಂದ 1974ರವರೆಗೆ ಅವರು ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿದ್ದರು. ಅಲ್ಲಿಯವರೆಗೆ ಭೂವಿಜ್ಞಾನ ಇಲಾಖೆ ಎಂದರೆ ಚಿನ್ನ, ಕಬ್ಬಿಣ, ಮ್ಯಾಂಗನೀಸ್ ಹುಡುಕುವ ಇಲಾಖೆ. ಅಂತರ್ಜಲವೂ ಒಂದು ಖನಿಜವೇ, ಬಡವನಿಗೆ ಚಿನ್ನಕ್ಕಿಂತ ಬೇಕಾದ ಖನಿಜ ಎಂಬ ತಿಳಿವಳಿಕೆಯಿಂದ ಇಲಾಖೆಯನ್ನು ಬಾವಿಗಳ ಕಡೆ ತಿರುಗಿಸಿದವರಲ್ಲಿ ಅವರು ಪ್ರಮುಖರು. ನಮ್ಮ ಹಳ್ಳಿಗೆ ಬಾಟ್ಲಿ ಹಿಡಿದು ಬಂದ ಆ ಅಧಿಕಾರಿಯ ಹಿಂದೆ ಇಂಥದ್ದೊಂದು ಪರಂಪರೆ ಇತ್ತು.

ಅವರ ಇನ್ನೊಂದು ದೊಡ್ಡ ಕೆಲಸ ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾ. 1958ರಲ್ಲಿ ಅದು ಸ್ಥಾಪನೆಯಾದಾಗ ಮೊದಲ ಅಧ್ಯಕ್ಷರಾದವರು ಡಿ.ಎನ್. ವಾಡಿಯಾ. ವಾಡಿಯಾ ಅವರದೂ ಮೇಷ್ಟರ ಕಥೆಯೇ. ಜಮ್ಮುವಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ, ಭಾರತದ ಭೂವಿಜ್ಞಾನವನ್ನು ವಿದ್ಯಾರ್ಥಿಗಳ ಕೈಗೆ ಒಂದೇ ಗ್ರಂಥದಲ್ಲಿ ಕೊಡಬೇಕೆಂದು 1919ರಲ್ಲಿ 'ಜಿಯಾಲಜಿ ಆಫ್ ಇಂಡಿಯಾ' ಹೊರತಂದರು. ತಲೆಮಾರುಗಳು ಆ ಪುಸ್ತಕದಿಂದ ಕಲಿತವು. ರಾಧಾಕೃಷ್ಣರು ಸೊಸೈಟಿಯ ಕಾರ್ಯದರ್ಶಿಯಾಗಿ, ಪತ್ರಿಕೆಯ ಸಂಪಾದಕರಾಗಿ, ಮುಂದೆ ಅಧ್ಯಕ್ಷರಾಗಿ ದಶಕಗಳ ಕಾಲ ದುಡಿದರು. ನೌಕರಿಯಿಂದ ನಿವೃತ್ತಿಯಾದ ಮೇಲೇ ಅವರ ನಿಜವಾದ ಶಿಕ್ಷಕ ವೃತ್ತಿ ಶುರುವಾಯಿತು ಎಂದು ನನಗನ್ನಿಸುತ್ತದೆ. ಆರ್. ವೈದ್ಯನಾಥನ್ ಅವರೊಂದಿಗೆ 'ಜಿಯಾಲಜಿ ಆಫ್ ಕರ್ನಾಟಕ' ಬರೆದರು. ಕಾಲೇಜಿನ ಹುಡುಗರು ಇವತ್ತಿಗೂ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಕನ್ನಡದಲ್ಲಿಯೂ ಬರೆದರು, ಡಾರ್ವಿನ್ನನ ಜೀವನವನ್ನು ಕನ್ನಡಿಗರಿಗೆ ಪರಿಚಯಿಸಿದರು. 1991ರಲ್ಲಿ ಪದ್ಮಶ್ರೀ ಬಂತು. 2012ರ ಜನವರಿಯಲ್ಲಿ ತೀರಿಕೊಂಡರು, ಆಗ ವಯಸ್ಸು 93.

ಇಲ್ಲಿ ಇನ್ನೊಬ್ಬರನ್ನು ನೆನೆಯಬೇಕು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯಲ್ಲಿದ್ದ ಸೈಯದ್ ಮಹಮೂದ್ ನಕ್ವಿ. ನಮ್ಮ ಧಾರವಾಡ ಶಿಲೆಗಳ ಮೇಲೆ ಅವರು ಮಾಡಿದ ಕೆಲಸಕ್ಕೆ ದೇಶದಲ್ಲೆಲ್ಲ ಗೌರವವಿದೆ. 1983ರಲ್ಲಿ ಭಟ್ನಾಗರ್ ಪ್ರಶಸ್ತಿ ಬಂತು. ಅದೇ ವರ್ಷ ಅವರು ಮತ್ತು ಅಮೆರಿಕದ ಜಾನ್ ರೋಜರ್ಸ್ ಸೇರಿ ಸಂಪಾದಿಸಿದ ದಕ್ಷಿಣ ಭಾರತದ ಪ್ರಾಚೀನ ಶಿಲೆಗಳ ಕುರಿತ ಸಂಪುಟವನ್ನು ಸೊಸೈಟಿ ಪ್ರಕಟಿಸಿತು. ಅದರಲ್ಲಿ ರಾಧಾಕೃಷ್ಣರ ಲೇಖನವೂ ಇದೆ. ನಮ್ಮ ಮಕ್ಕಳು ಭೂವಿಜ್ಞಾನ ನಮಗಲ್ಲ ಎಂದುಕೊಳ್ಳುವ ಮೊದಲು ಈ ಹೆಸರನ್ನು ತಿಳಿದಿರಲಿ. ಹಿಂದಕ್ಕೆ ಹೋದರೆ ಅಲ್ ಬಿರೂನಿ ಇದ್ದಾರೆ. ಸುಮಾರು ಸಾವಿರ ವರ್ಷಗಳ ಹಿಂದೆ ಹಿಂದೂಸ್ತಾನಕ್ಕೆ ಬಂದ ಅವರು, ಬೆಟ್ಟದ ಹತ್ತಿರ ನದಿಯ ಗುಂಡುಗಲ್ಲು ದೊಡ್ಡದಿರುತ್ತದೆ, ದೂರ ಹೋದಂತೆ ಸಣ್ಣದಾಗುತ್ತದೆ, ಕೊನೆಗೆ ಮರಳಾಗುತ್ತದೆ ಎಂದು ಗಮನಿಸಿ, ಉತ್ತರದ ಬಯಲೆಲ್ಲ ಒಂದು ಕಾಲಕ್ಕೆ ಸಮುದ್ರವಾಗಿದ್ದು ನದಿಗಳು ತಂದ ಮಣ್ಣಿನಿಂದ ತುಂಬಿದೆ ಎಂದು ಬರೆದಿಟ್ಟರು. ಯಾವ ಉಪಕರಣವೂ ಇಲ್ಲದೆ, ಬರೀ ಕಣ್ಣಿನಿಂದ.

ಈಗ ಶಾಲೆಯ ವಿಷಯಕ್ಕೆ ಬರುತ್ತೇನೆ. ಗ್ರಂಥಗಳು ಕಾಲೇಜಿನವರಿಗಾದವು. ಎಂಟನೇ ತರಗತಿಯ ಹುಡುಗನಿಗೆ, ಅವನ ಮಾಸ್ತರನಿಗೆ ಏನು?

1957ರಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿದ ಮೇಲೆ ಅಮೆರಿಕದವರು ಗಾಬರಿಯಾಗಿ ತಮ್ಮ ಶಾಲೆಗಳ ವಿಜ್ಞಾನ ಪಠ್ಯಗಳನ್ನೆಲ್ಲ ತಿದ್ದಿದರು. ಅಲ್ಲಿಯ ಭೂವಿಜ್ಞಾನಿಗಳು 1963ರಲ್ಲಿ ಭೂಮಿಗಾಗಿಯೇ ಒಂದು ಪಠ್ಯಕ್ರಮ ಯೋಜನೆ ಆರಂಭಿಸಿ, ಕಲ್ಲು, ಸಮುದ್ರ, ಹವೆ, ಆಕಾಶ ಎಲ್ಲವನ್ನೂ ಒಂದೇ ವಿಷಯವಾಗಿ ಕಲಿಸುವ ಪುಸ್ತಕವನ್ನು 1967ರಲ್ಲಿ ಹೊರತಂದರು. ಮಕ್ಕಳು ನೋಡಿ, ಅಳೆದು, ಮಾಡಿ ಕಲಿಯಬೇಕೆಂಬುದು ಅದರ ಪದ್ಧತಿ. ನಮ್ಮಲ್ಲಿ ಅದೇ ಕಾಲಕ್ಕೆ ಕೊಠಾರಿ ಆಯೋಗ ಎಲ್ಲ ಮಕ್ಕಳಿಗೂ ವಿಜ್ಞಾನ ಬೇಕೆಂದು ಹೇಳಿತು, ಒಳ್ಳೆಯದಾಯಿತು. ಆದರೆ ವಿಜ್ಞಾನವೆಂದರೆ ಭೌತ, ರಸಾಯನ, ಜೀವ ಎಂದು ಮೂರು ಪಾಲಾಯಿತು. ಭೂಮಿ ಹೋಗಿ ಸಮಾಜ ವಿಜ್ಞಾನದಲ್ಲಿ ಕುಳಿತಿತು. ಶಿಲೆಗಳು ಮೂರು ವಿಧ, ಅಗ್ನಿಶಿಲೆ, ಜಲಜಶಿಲೆ, ರೂಪಾಂತರ ಶಿಲೆ ಎಂದು ಮಕ್ಕಳು ಇತಿಹಾಸದ ಇಸವಿಗಳ ಜೊತೆಗೆ ಬಾಯಿಪಾಠ ಮಾಡುತ್ತಾರೆ. ಆ ಮೂರರಲ್ಲಿ ಒಂದನ್ನು ಕೈಯಲ್ಲಿ ಹಿಡಿದು ನೋಡಿದವರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಬೇಡಿ, ನನಗೆ ಬೇಸರವಾಗುತ್ತದೆ. 2022ರಲ್ಲಿ ಎನ್.ಸಿ.ಇ.ಆರ್.ಟಿ.ಯವರು ಪಠ್ಯದ ಹೊರೆ ಇಳಿಸುವಾಗ ಏಳನೇ ತರಗತಿಯ ವಿಜ್ಞಾನ ಪುಸ್ತಕದಿಂದ ಮಣ್ಣಿನ ಪಾಠವನ್ನೇ ಕೈಬಿಟ್ಟರು. ರೈತರ ದೇಶದಲ್ಲಿ ಹೊರೆ ಅಂತ ಮೊದಲು ಕಂಡದ್ದು ಮಣ್ಣು!

ಈ ಕೊರತೆ ತುಂಬಲು ದುಡಿದ ಕರ್ನಾಟಕದ ಭೂವಿಜ್ಞಾನಿಯೆಂದರೆ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಾಗರ ಭೂವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಆರ್. ಶಂಕರ್. ಅವರ ಸಂಶೋಧನೆಯ ಒಂದು ಉದಾಹರಣೆ ಕೊಡುತ್ತೇನೆ. ಚಿತ್ರದುರ್ಗದ ತಿಮ್ಮಣ್ಣನಾಯಕನ ಕೆರೆಯ ಹೂಳಿನಲ್ಲಿ ಕೊಳವೆ ಇಳಿಸಿ, ಪದರು ಪದರಾಗಿ ಹೂಳು ತೆಗೆದು, ಅದರಲ್ಲಿರುವ ಕಬ್ಬಿಣದ ಖನಿಜಗಳ ಕಾಂತಗುಣವನ್ನು ಅಳೆದು, 3,700 ವರ್ಷಗಳಲ್ಲಿ ಮಳೆ ಯಾವಾಗ ಹೆಚ್ಚಾಯಿತು ಯಾವಾಗ ಕಡಿಮೆಯಾಯಿತು ಎಂಬುದನ್ನು ಅವರು ಮತ್ತು ಸಂಗಡಿಗರು ಓದಿದರು. 2006ರಲ್ಲಿ ಪ್ರಕಟವಾದ ಕೆಲಸವದು. ಮಳೆ ಹೆಚ್ಚಾದರೆ ಸುತ್ತಲಿನ ಮಣ್ಣು ಕೊಚ್ಚಿ ಬಂದು ಕೆರೆಯಲ್ಲಿ ಕೂಡುತ್ತದೆ. ಅದರ ಜೊತೆಗೆ ಕಾಂತಗುಣದ ಕಣಗಳೂ ಬರುತ್ತವೆ. ನಮ್ಮ ರೈತರು ಬೇಸಿಗೆಯಲ್ಲಿ ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಹೊಲಕ್ಕೆ ಚೆಲ್ಲುವ ಕೆರೆ ಹೂಳು ಅಂದರೆ ಮಳೆರಾಯನ ದಫ್ತರು.

ಇಂಥ ಸಂಶೋಧಕರು ಹೈಸ್ಕೂಲು ಮಕ್ಕಳ ಕಡೆ ತಿರುಗಿದ್ದು ವಿಶೇಷ. ಅಂತರರಾಷ್ಟ್ರೀಯ ಭೂವಿಜ್ಞಾನ ಒಲಿಂಪಿಯಾಡ್ 2007ರಲ್ಲಿ ದಕ್ಷಿಣ ಕೊರಿಯಾದಲ್ಲಿ ಮೊದಲಾಯಿತು. ಅದರಲ್ಲಿ ಭಾರತದ ಭಾಗವಹಿಸುವಿಕೆಯನ್ನು ಸಂಘಟಿಸುವಲ್ಲಿ ಶಂಕರ್ ಮುಂದಿದ್ದರು. ರಾಧಾಕೃಷ್ಣರು ಕಟ್ಟಿದ ಸೊಸೈಟಿಯೇ ಪ್ರವೇಶ ಪರೀಕ್ಷೆ ನಡೆಸಿತು. ಒಂದು ದೇಶದಿಂದ ನಾಲ್ಕು ಮಕ್ಕಳು. ಲಿಖಿತ ಪರೀಕ್ಷೆಯ ಜೊತೆಗೆ ಕಲ್ಲು, ನೀರು, ನಕ್ಷೆ ಹಿಡಿದು ಮಾಡುವ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ನನಗೆ ಬಹಳ ಹಿಡಿಸಿದ ಸಂಗತಿಯೆಂದರೆ, ಬೇರೆ ಬೇರೆ ದೇಶಗಳ ಮಕ್ಕಳನ್ನು ಬೆರೆಸಿ ಗುಂಪು ಮಾಡಿ, ಒಂದು ಸ್ಥಳಕ್ಕೆ ಕರೆದುಕೊಂಡು ಹೋಗಿ, ಇಲ್ಲಿ ಭೂಮಿ ಏನು ಹೇಳುತ್ತಿದೆ ಎಂದು ಕೂಡಿ ಕಂಡುಹಿಡಿಯಿರಿ ಎನ್ನುತ್ತಾರೆ. 2013ರ ಸೆಪ್ಟೆಂಬರಿನಲ್ಲಿ ಈ ಒಲಿಂಪಿಯಾಡ್ ನಮ್ಮ ಮೈಸೂರಿನಲ್ಲೇ ನಡೆಯಿತು. ಗದುಗಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಮುಟ್ಟುವ ಊರು. ನಮ್ಮ ಕಡೆಯ ಎಷ್ಟು ಶಾಲೆಗಳಿಗೆ ಅದರ ಸುದ್ದಿ ಗೊತ್ತಿತ್ತು? ನನ್ನ ಶಾಲೆಗಂತೂ ಗೊತ್ತಿರಲಿಲ್ಲ.

ಹೀಗಿರುವಾಗ ನಮ್ಮ ಜಿಲ್ಲೆಯ ನೆಲ ಎಂಥದ್ದು ಗೊತ್ತೇ? ಭಾರತದ ಭೂವಿಜ್ಞಾನದ ಚರಿತ್ರೆಯಲ್ಲಿ ಅದಕ್ಕೊಂದು ಜಾಗವಿದೆ. ರಾಬರ್ಟ್ ಬ್ರೂಸ್ ಫೂಟ್ ಎಂಬ ಬ್ರಿಟಿಷ್ ಭೂವಿಜ್ಞಾನಿ 1874ರಲ್ಲಿ ಡಂಬಳ ಗುಡ್ಡಗಳ ಬಂಗಾರದ ಶಿಲೆಗಳ ಬಗ್ಗೆ ಲೇಖನ ಬರೆದ. ಡಂಬಳ ಗುಡ್ಡ ಎಂದರೆ ನಮ್ಮ ಕಪ್ಪತಗುಡ್ಡ. ಸೊರಟೂರಿನ ಹಳ್ಳದಲ್ಲಿ ಮಳೆ ನಿಂತ ಮೇಲೆ ಮರಳು ತೊಳೆದು ಬಂಗಾರದ ಕಣ ಹೆಕ್ಕುತ್ತಿದ್ದ ಜಾಲಗಾರರ ಕೆಲಸವನ್ನು ಅವನು ನೋಡಿದ್ದ. ಪದವಿಯಿಲ್ಲದ ಆ ಜಾಲಗಾರರಿಗೆ ಯಾವ ತಿರುವಿನಲ್ಲಿ ಭಾರವಾದ ಕಣ ನಿಲ್ಲುತ್ತದೆಂಬುದು ಗೊತ್ತಿತ್ತು. ಇಂಥ ಶಿಲೆಗಳಿಗೆಲ್ಲ ಸೇರಿ ಫೂಟ್ ಕೊಟ್ಟ 'ಧಾರವಾಡ' ಎಂಬ ಹೆಸರನ್ನು ಇಂದು ಜಗತ್ತಿನ ಎಲ್ಲ ಭೂವಿಜ್ಞಾನಿಗಳೂ ಬಳಸುತ್ತಾರೆ. ಇದೇ ಫೂಟ್ 1894ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯ ಮೊದಲ ಮುಖ್ಯಸ್ಥನಾದ. ಮುಂದೆ ರಾಧಾಕೃಷ್ಣರು ಸೇರಿದ ಇಲಾಖೆ ಅದು. 20ನೇ ಶತಮಾನದ ಆರಂಭದಲ್ಲಿ ಕಂಪನಿಗಳು ಇಲ್ಲಿ ಚಿನ್ನದ ಗಣಿ ತೆಗೆದು, ಲಾಭ ಸಾಲದೆ ಬಿಟ್ಟುಹೋದವು.

ಕಪ್ಪತಗುಡ್ಡದ ಕಲ್ಲುಗಳು 250 ಕೋಟಿ ವರ್ಷಗಳಿಗೂ ಹಳೆಯವು. ಜ್ವಾಲಾಮುಖಿಯ ಲಾವಾ, ಸಮುದ್ರದ ತಳದಲ್ಲಿ ಕೂತ ಕೆಸರು, ಕಬ್ಬಿಣದ ಪಟ್ಟೆ ಪಟ್ಟೆ ಪದರುಗಳು, ಎಲ್ಲ ಮಡಚಿ ಮೇಲೆದ್ದು ಗುಡ್ಡವಾಗಿವೆ. ಡಂಬಳದ ದೊಡ್ಡಬಸಪ್ಪನ ಗುಡಿ, ಲಕ್ಕುಂಡಿಯ ಗುಡಿಗಳು ಅಷ್ಟು ನಾಜೂಕಾಗಿ ಕಾಣುವುದಕ್ಕೆ ಶಿಲ್ಪಿಯ ಕೈ ಎಷ್ಟು ಕಾರಣವೋ, ಉಳಿಗೆ ಮೆತ್ತಗೆ ಬಗ್ಗುವ ಬಳಪದ ಕಲ್ಲೂ ಅಷ್ಟೇ ಕಾರಣ. ಎರಿ ಹೊಲ ಯಾಕೆ ಬೇಸಿಗೆಯಲ್ಲಿ ಬಿರಿಯುತ್ತದೆ, ಮಸಾರಿ ಯಾಕೆ ಬಿರಿಯುವುದಿಲ್ಲ? ನಿಮ್ಮ ಅಜ್ಜನನ್ನು ಕೇಳಿದರೆ ಯಾವುದರಲ್ಲಿ ಏನು ಬೆಳೆಯುತ್ತದೆಂದು ಹೇಳುತ್ತಾರೆ. ಯಾಕೆಂಬುದನ್ನು ಶಾಲೆ ಹೇಳಬೇಕು. ಎರಿಯಲ್ಲಿರುವ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಅದಕ್ಕೇ ಬಿರುಕು. ಇದು ಬರೀ ಹತ್ತು ನಿಮಿಷದ ಪ್ರಯೋಗ, ಎರಡು ಲೋಟ ಸಾಕು.

ಇನ್ನು ಆ ಹುಡುಗನ ಹಲ್ಲಿನ ಲೆಕ್ಕ. ಗ್ರಾನೈಟ್ ಮತ್ತು ನೈಸ್ ಎಂಬ ಕಲ್ಲುಗಳಲ್ಲಿ ಅಭ್ರಕ, ಅಪಟೈಟ್, ಫ್ಲೋರೈಟ್‌ನಂಥ ಖನಿಜಗಳಿರುತ್ತವೆ. ಅವುಗಳಲ್ಲಿ ಫ್ಲೋರಿನ್ ಇರುತ್ತದೆ. ಮಳೆ ಕಡಿಮೆ ಇರುವ ಸೀಮೆಯಲ್ಲಿ ನೀರು ಕಲ್ಲಿನ ಬಿರುಕಿನಲ್ಲಿ ಬಹಳ ಕಾಲ ನಿಂತು ಅದನ್ನು ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಿದ್ದರೆ ಫ್ಲೋರೈಡ್ ಅದರೊಂದಿಗೆ ಕೂಡಿ ತಳಕ್ಕಿಳಿಯುತ್ತದೆ. ಸುಣ್ಣ ಕಡಿಮೆ, ಸೋಡಿಯಂ ಹೆಚ್ಚು ಇದ್ದರೆ ನೀರಿನಲ್ಲೇ ಉಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎಂದು ಭಾರತೀಯ ಮಾನಕ. ಮುಂಡರಗಿ, ಗದಗ, ಶಿರಹಟ್ಟಿ ಭಾಗದ ಹಲವು ಬೋರುಗಳ ನೀರು ಇದನ್ನು ದಾಟಿದೆ. ಹಾಲುಹಲ್ಲು ಬಿದ್ದು ಬರುವ ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಚಿಕ್ಕ ವಯಸ್ಸಿನಲ್ಲೇ ಈ ಕಲೆ ಕೂಡುತ್ತದೆ. ಹೆಚ್ಚಿನ ಪ್ರಮಾಣದಲ್ಲಿ ವರ್ಷಗಟ್ಟಲೆ ಕುಡಿದರೆ ಎಲುಬಿಗೂ ಕೇಡು. ತಾಯಂದಿರೇ, ಒಂದು ಮಾತು ನೆನಪಿಡಿ: ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಅದು ಗಟ್ಟಿಯಾಗುತ್ತದೆ. ಈಗ ಹಲವು ಊರುಗಳಿಗೆ ತುಂಗಭದ್ರೆಯ ನೀರು ಬಂದಿದೆ, ಶುದ್ಧ ನೀರಿನ ಘಟಕಗಳಾಗಿವೆ, ಒಳ್ಳೆಯದೇ. ನಳ ಬರದ ದಿನ, ಘಟಕ ಕೆಟ್ಟ ವಾರ, ಜನ ಮತ್ತೆ ಹೋಗುವುದು ಬೋರಿಗೇ.

ಭಾರತದಲ್ಲಿ ನೀರಿನ ಫ್ಲೋರೈಡಿನಿಂದ ಆಗುವ ಈ ರೋಗವನ್ನು ಮೊದಲು ಗುರುತಿಸಿದ್ದು ನೆಲ್ಲೂರು ಜಿಲ್ಲೆಯಲ್ಲಿ, 1937ರಲ್ಲಿ. ನಾನು ಆ ಹುಡುಗನನ್ನು ನಿಲ್ಲಿಸಿ ಬೈಯುವ ಹೊತ್ತಿಗೆ ವಿಷಯ ಗೊತ್ತಾಗಿ ಸುಮಾರು ಐವತ್ತು ವರ್ಷವಾಗಿತ್ತು. ಭೂವಿಜ್ಞಾನಿಗಳಿಗೆ ಗೊತ್ತಿತ್ತು, ವೈದ್ಯರಿಗೆ ಗೊತ್ತಿತ್ತು. ಪಠ್ಯಪುಸ್ತಕದಲ್ಲಿ ಇರಲಿಲ್ಲ, ಆದ್ದರಿಂದ ಮಾಸ್ತರನಿಗೆ ಗೊತ್ತಿರಲಿಲ್ಲ.

ಹಾಗಾಗಿ ಸಂಸ್ಥೆಯ ಹಿರಿಯರಲ್ಲಿ ನನ್ನ ವಿನಂತಿ. ಪಠ್ಯಕ್ರಮ ಬದಲಾಗುವವರೆಗೆ ಕಾಯಬೇಡಿ. ನಮ್ಮ ಶಾಲೆಗಳಲ್ಲಿ ವಿಜ್ಞಾನ ಮತ್ತು ಸಮಾಜ ವಿಜ್ಞಾನದ ಶಿಕ್ಷಕರು ಕೂಡಿ ತಿಂಗಳಿಗೊಂದು ಪಾಠ ನಮ್ಮ ನೆಲದ ಮೇಲೆ ಮಾಡಲಿ. ಭೂವಿಜ್ಞಾನಿಯಾಗಿದ್ದುಕೊಂಡೇ ಕನ್ನಡದಲ್ಲಿ ಸರಳವಾಗಿ ಬರೆದ ಟಿ.ಆರ್. ಅನಂತರಾಮು ಅವರ ಪುಸ್ತಕಗಳನ್ನು ಗ್ರಂಥಾಲಯಕ್ಕೆ ತರಿಸಿ. ಪಿಯುಸಿಯಲ್ಲಿ ಭೂವಿಜ್ಞಾನ ಒಂದು ವಿಷಯವಾಗಿ ಪಟ್ಟಿಯಲ್ಲಿದೆ, ಆದರೆ ಕಲಿಸುವ ಕಾಲೇಜುಗಳು ಅತಿ ವಿರಳ. ನಮ್ಮ ಕಾಲೇಜಿನಲ್ಲಿ ಅದನ್ನು ತರಲು ಸಾಧ್ಯವೇ ಎಂದು ವಿಚಾರಿಸಿ. ಮುಂದೆ ಓದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ವಿಭಾಗವಿದೆ. ಹೆಣ್ಣುಮಕ್ಕಳಿಗೆ ಗುಡ್ಡ ಹತ್ತುವ ಕೆಲಸ ಯಾಕೆ ಎಂದು ಯಾರಾದರೂ ಅಂದರೆ, ಕೊಡ ಹೊತ್ತು ಬೋರಿನಿಂದ ನೀರು ತಂದವರು ಯಾರು ಎಂದು ಕೇಳಿ.

ವಿದ್ಯಾರ್ಥಿಗಳಿಗೆ ನಾನು ಕೊಡುವುದು ಉಪದೇಶವಲ್ಲ, ಮನೆಗೆಲಸ. ಲಕ್ಷ್ಮೇಶ್ವರದವರು ಜಾಮಿಯಾ ಮಸೀದಿಯ ಗೋಡೆಗೆ ಮತ್ತು ಸೋಮೇಶ್ವರ ಗುಡಿಯ ಗೋಡೆಗೆ ಯಾವ ಯಾವ ಕಲ್ಲು ಬಳಸಿದ್ದಾರೆ, ಬಣ್ಣ ಹೇಗಿದೆ, ಕಣ ದಪ್ಪವೋ ಸಣ್ಣವೋ ಎಂದು ನೋಡಿ ಬರೆದುಕೊಂಡು ಬನ್ನಿ. ಕಪ್ಪತಗುಡ್ಡಕ್ಕೆ ಹೋಗುವವರು ಶಿಕ್ಷಕರೊಂದಿಗೆ ಹೋಗಿ. ಅದು 2019ರಿಂದ ವನ್ಯಜೀವಿಧಾಮ, ಅನುಮತಿ ಬೇಕು, ಕಲ್ಲು ಒಡೆಯುವಂತಿಲ್ಲ, ನೋಡಿದರೆ ಸಾಕು. ಮುಂಡರಗಿ, ಶಿರಹಟ್ಟಿ ಮತ್ತು ಗದಗ-ಬೆಟಗೇರಿಯವರು ನಿಮ್ಮ ಓಣಿಯ ಬೋರಿನ ನೀರು ತನ್ನಿ. ಬಾಟ್ಲಿ ಪ್ಲಾಸ್ಟಿಕ್‌ನದೇ ಇರಲಿ, ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿ. ಮೇಲೆ ಚೀಟಿ ಅಂಟಿಸಿ ಊರು, ಓಣಿ, ತಾರೀಖು, ಬೋರು ಎಷ್ಟು ಅಡಿ ಆಳ ಎಂದು ಬರೆಯಿರಿ. ಆಳ ಗೊತ್ತಿಲ್ಲದಿದ್ದರೆ ಬೋರು ಹಾಕಿಸಿದವರನ್ನು ಕೇಳಿ. ಫ್ಲೋರೈಡ್ ಪರೀಕ್ಷೆಯ ಕಿಟ್ಟನ್ನು ನಾನು ತರುತ್ತೇನೆ. ಬಣ್ಣ ನೋಡಿ ಲೆಕ್ಕ ಹಾಕುವ ಕೆಲಸ ನೀವೇ ಮಾಡಬೇಕು.